ದಡದ ಮೇಲಿನ ಸೀಲ್ ಮರಿ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಉತ್ತರ ಸಮುದ್ರಕ್ಕೆ ಮುಖಮಾಡಿದ ಲಿಂಕನ್‌ಶೈರ್, ನಾರ್ಫೋಕ್ ಸೀಮೆಗಳ ಮರಳದಂಡೆಗಳಲ್ಲಿ, ಚಳಿಗಾಲದ ಮೊದಲ ದಿನಗಳಲ್ಲಿ ಅಡ್ಡಾಡುವವರಿಗೆ ಒಂದು ದೃಶ್ಯ ಅಪರೂಪವಲ್ಲ. ಅಲೆಗಳ ಗೆರೆಗಿಂತ ತುಸು ಮೇಲೆ ಬಿಳಿಯ ತುಪ್ಪಳದ ಸೀಲ್ ಮರಿಯೊಂದು ಒಂಟಿಯಾಗಿ ಮಲಗಿರುತ್ತದೆ. ಹತ್ತಿರದಲ್ಲೆಲ್ಲೂ ತಾಯಿಯಿಲ್ಲ. ದುಂಡನೆಯ ಕಪ್ಪು ಕಣ್ಣುಗಳಿಂದ ನೀರಿಳಿದು ಕೆನ್ನೆಯ ರೋಮವೆಲ್ಲ ತೊಯ್ದಿರುತ್ತದೆ. ನಡುನಡುವೆ ಎಳೆಗೂಸಿನ ದನಿಯಲ್ಲಿ ಕೂಗುತ್ತದೆ. ಕಂಡವರ ಕರುಳು ಮಿಡಿಯುವುದು ಸಹಜವೇ. ಆದರೆ ಮರಿ ರೋಗಿಯೋ, ಅನಾಥವೋ, ತನ್ನ ಪಾಡಿಗೆ ತಾನು ವಿಶ್ರಮಿಸುತ್ತಿರುವ ಆರೋಗ್ಯವಂತ ಪ್ರಾಣಿಯೋ ಎಂಬುದನ್ನು ಕರುಳು ತಿಳಿಸಲಾರದು. ಅದಕ್ಕೆ ಆ ಜೀವಿಯ ಬಾಳಿನ ಕ್ರಮವನ್ನು ಅರಿತಿರಬೇಕಾಗುತ್ತದೆ.

ಸೀಲ್ ನಮ್ಮ ಕರಾವಳಿಯ ಪ್ರಾಣಿಯಲ್ಲ. ತುಂಗಭದ್ರೆಯಲ್ಲಿ ಕಾಣುವ ನೀರುನಾಯಿಯೊಡನೆ ಅದನ್ನು ಬೆರೆಸಬಾರದು. ಅದರ ಕುಲವೇ ಬೇರೆ. ಮೀನು ಹಿಡಿದು ತಿನ್ನುವ, ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡುವ ಸಸ್ತನಿಯಿದು. ನಾಲ್ಕು ಕಾಲುಗಳೂ ಈಜುಗಾಲುಗಳಾಗಿ ಮಾರ್ಪಟ್ಟಿವೆ. ಬದುಕಿನ ಬಹುಭಾಗವನ್ನು ನೀರಿನಲ್ಲಿ ಕಳೆದರೂ ಹೆರಿಗೆಗೆ, ರೋಮ ಉದುರಿಸಲು, ಬರಿದೆ ದಣಿವಾರಿಸಿಕೊಳ್ಳಲು ಅದು ನೆಲಕ್ಕೆ ಬರಲೇಬೇಕು. ದಡದ ಮೇಲಿರುವ ಸೀಲ್ ದಾರಿ ತಪ್ಪಿ ಬಂದದ್ದೆಂಬ ಎಣಿಕೆಯಲ್ಲಿಯೇ ಅನೇಕ ಅನರ್ಥಗಳ ಬೀಜವಿದೆ.

ಬ್ರಿಟನ್ನಿನ ಸುತ್ತ ಎರಡು ಜಾತಿಗಳು ನೆಲೆಸಿವೆ. ಜಗತ್ತಿನ ಬೂದು ಸೀಲ್‌ಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಯೇ ಇವೆ. ಲಿಂಕನ್‌ಶೈರಿನ ಡೋನಾ ನುಕ್ ಎಂಬ ತೀರ ವಾಯುಪಡೆಯ ಬಾಂಬ್ ಅಭ್ಯಾಸದ ನೆಲವೂ ಹೌದು. ಆ ಸದ್ದಿನ ನೆರೆಯಲ್ಲಿಯೇ ಪ್ರತಿವರ್ಷ ಎರಡು ಸಾವಿರದಷ್ಟು ಮರಿಗಳು ಹುಟ್ಟುತ್ತವೆಂಬುದು ಸೋಜಿಗದ ಸಂಗತಿ. ಹುಟ್ಟಿದಾಗ ಮರಿಯ ತೂಕ ಸುಮಾರು 14 ಕಿಲೋಗ್ರಾಂ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳೆಂಟು ಭಾಗವಿದ್ದರೆ ಈ ತಾಯಿಯ ಹಾಲಿನಲ್ಲಿ ಅದು ಐವತ್ತನ್ನು ಮೀರುತ್ತದೆ. ಸುಮಾರು ಮೂರು ವಾರಗಳಲ್ಲಿ ಮರಿ ಮೂರು ಪಟ್ಟು ಬೆಳೆದು ಪೀಪಾಯಿಯಂತಾಗುತ್ತದೆ. ಅಷ್ಟರಲ್ಲಿ ಉಪವಾಸವಿದ್ದು ಹಾಲೂಡಿದ ತಾಯಿ ತನ್ನ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಒಂದು ದಿನ ಅದು ಕಡಲಿಗಿಳಿದು ಹೊರಟುಹೋಗುತ್ತದೆ. ಮರಿಯ ಬಳಿಗೆ ಮತ್ತೆ ಬರುವುದಿಲ್ಲ.

ಇದು ತಾಯಿಯ ನಿರ್ದಯೆಯಲ್ಲ, ಆ ಕುಲದ ಪದ್ಧತಿ. ಮರಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತ ಕೆಲವು ವಾರ ದಡದಲ್ಲಿಯೇ ಉಪವಾಸವಿದ್ದು, ಬಿಳಿಯ ರೋಮವನ್ನು ಉದುರಿಸಿ, ಹಸಿವು ಒತ್ತಾಯಿಸಿದಾಗ ನೀರಿಗಿಳಿದು ಮೀನು ಹಿಡಿಯಲು ತಾನೇ ಕಲಿಯುತ್ತದೆ. ಬಿಳಿಯ ರೋಮ ಗಾಳಿಯ ಚಳಿಯನ್ನು ತಡೆಯಬಲ್ಲುದೇ ಹೊರತು ನೀರನ್ನು ತಡೆಯದು. ಅಂಥ ಎಳೆಮರಿಯನ್ನು ಸದುದ್ದೇಶದಿಂದಲೇ ಅಲೆಗಳಿಗೆ ತಳ್ಳಿದವರು ಅದರ ಸಾವಿಗೆ ಕಾರಣರಾಗಬಹುದು. ಬೇಸಗೆಯಲ್ಲಿ ಹುಟ್ಟುವ ಸಾಮಾನ್ಯ ಸೀಲ್‌ನ ರೀತಿ ಬೇರೆ. ಅದರ ಮರಿ ಬಿಳಿಯ ರೋಮವನ್ನು ಗರ್ಭದಲ್ಲಿಯೇ ಕಳೆದು ಹುಟ್ಟಿ, ಕೆಲವೇ ಗಂಟೆಗಳಲ್ಲಿ ಈಜಬಲ್ಲುದು. ಅದರ ತಾಯಿ ಮೀನು ಹಿಡಿಯಲು ಹೋಗಿ ಮರಳುವುದುಂಟು. ಸುತ್ತ ಜನ ಸೇರಿದ್ದರೆ ಮರಳಲು ಅಂಜುತ್ತದೆ. ಅನಾಥವಾಗಿರದ ಮರಿ ನೋಡಲು ಬಂದವರ ಗುಂಪಿನಿಂದಲೇ ಅನಾಥವಾಗುವ ಸಂದರ್ಭವಿದು.

ಇನ್ನು ಕಣ್ಣೀರು. ಮನುಷ್ಯನ ಕಣ್ಣಿನ ನೀರನ್ನು ಮೂಗಿಗೆ ಹರಿಸುವ ಸೂಕ್ಷ್ಮನಾಳ ಸೀಲ್‌ಗಳಿಗಿಲ್ಲ. ಆದುದರಿಂದ ದಡದಲ್ಲಿರುವಾಗ ನೀರು ಕೆನ್ನೆಯ ಮೇಲೆ ಹರಿಯುತ್ತದೆ. ಕಣ್ಣಿನ ಸುತ್ತ ಒದ್ದೆಯ ಉಂಗುರವಿದ್ದರೆ ಒಡಲಲ್ಲಿ ನೀರು ಸಾಕಷ್ಟಿದೆಯೆಂದು ಅರ್ಥ. ಆ ಉಂಗುರ ಒಣಗಿ ಕಣ್ಣು ಕಾಂತಿಗುಂದಿದಾಗಲೇ ಕಳವಳಪಡಬೇಕಾದದ್ದು. ಅಳುವಂತೆ ಕಾಣುವ ಮರಿ ಕ್ಷೇಮವಾಗಿರುವುದೂ ಅಳದ ಮರಿ ಅಪಾಯದಲ್ಲಿರುವುದೂ ಮನುಷ್ಯರ ಲೆಕ್ಕಕ್ಕೆ ವಿಪರೀತವೆನಿಸಬಹುದು. ತಲೆಯನ್ನೂ ಹಿಂಗಾಲುಗಳನ್ನೂ ಮೇಲೆತ್ತಿ ಬಾಳೆಯ ಹಣ್ಣಿನಂತೆ ಬಾಗಿ ಮಲಗುವ ಭಂಗಿಯೂ ನೋವಿನದಲ್ಲ, ನೆಮ್ಮದಿಯದು.

ನಿಜವಾದ ರೋಗಲಕ್ಷಣಗಳು ಬೇರೆ. ಪುಷ್ಟವಾದ ಮರಿಗೆ ಕತ್ತು ಕಾಣುವುದಿಲ್ಲ. ಕತ್ತು ಸಣ್ಣಗಾಗಿ ಎದ್ದು ಕಂಡು, ಸೊಂಟದ ಎಲುಬು ಮೂಡಿ, ಚರ್ಮ ಸಡಿಲಗೊಂಡು ಮಡಿಕೆ ಬಿದ್ದಿದ್ದರೆ ಅದು ಹಸಿದು ಬಡವಾಗಿದೆ. ಕೆಮ್ಮು, ಮೂಗಿನಿಂದ ಲೋಳೆ, ಏದುಸಿರು ಇದ್ದರೆ ಶ್ವಾಸಕೋಶದ ಹುಳುಗಳನ್ನು ಶಂಕಿಸಬೇಕು. ಈಜುಗಾಲುಗಳ ಬಾವು, ಬಾಯಿಯ ಹುಣ್ಣು, ಕೊರಳಿಗೆ ಬಿಗಿದ ಬಲೆಯ ತುಂಡು ಇವುಗಳಲ್ಲಿ ಯಾವುದೊಂದಿದ್ದರೂ ಬಲ್ಲವರನ್ನು ಕರೆಯಬೇಕು.

ಕರೆದು, ಅವರು ಬರುವವರೆಗೆ ನೂರು ಮೀಟರು ದೂರದಲ್ಲಿ ನಿಂತು, ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡಿದ್ದರೆ ದಾರಿಹೋಕನ ಕರ್ತವ್ಯ ಮುಗಿಯಿತು. ಹಸುವಿನ ಹಾಲು ಕುಡಿಸುವುದು, ಕಂಬಳಿ ಹೊದಿಸುವುದು, ಮೈಮೇಲೆ ನೀರೆರೆಯುವುದು ಎಲ್ಲವೂ ಹಾನಿಕರ. ಮುದ್ದಾಗಿ ಕಾಣುವ ಈ ಮರಿ ಕಚ್ಚಿದರೆ ಬೆರಳು ಬಾತು ಕೀಲಿಗೇ ಕುತ್ತು ಬರುವುದುಂಟು. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದ ಸ್ವಯಂಸೇವಕರಿದ್ದಾರೆ. ಬಳಲಿದ ಮರಿಯ ಹೊಟ್ಟೆಗೆ ಮೊದಲು ನಳಿಕೆಯ ಮೂಲಕ ಲವಣದ್ರಾವಣವನ್ನು, ಬಳಿಕ ಅರೆದ ಮೀನನ್ನು, ಕಡೆಗೆ ಇಡಿಯ ಮೀನನ್ನು ಕೊಟ್ಟು, ಮೈದುಂಬಿದ ಮೇಲೆ ಕಡಲಿಗೆ ಬಿಡಲಾಗುತ್ತದೆ.

ಮುಟ್ಟಬಾರದೆಂಬುದಕ್ಕೆ ಸಾಂಕ್ರಾಮಿಕಗಳೂ ಕಾರಣ. 1988ರಲ್ಲಿ ಡೆನ್ಮಾರ್ಕಿನ ಆನ್‌ಹೋಲ್ಟ್ ದ್ವೀಪದ ಬಳಿ ಮೊದಲು ಕಾಣಿಸಿಕೊಂಡ ವೈರಸ್ ರೋಗದಿಂದ ಉತ್ತರ ಯೂರೋಪಿನ 17,000ಕ್ಕೂ ಹೆಚ್ಚು ಸೀಲ್‌ಗಳು ಸತ್ತವು. ನಾಯಿಗಳಿಗೆ ತಗಲುವ ಡಿಸ್ಟೆಂಪರ್ ರೋಗದ ವೈರಸ್ಸಿಗೆ ಅದು ದಾಯಾದಿ. 2002ರಲ್ಲಿ ಅದೇ ಮಾರಿ ಮರುಕಳಿಸಿ 20,000ಕ್ಕಿಂತ ಹೆಚ್ಚು ಜೀವಗಳನ್ನು ಕೊಂಡೊಯ್ದಿತು. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಹಕ್ಕಿಜ್ವರ ತಗಲಿ, ಆ ವರ್ಷ ಹುಟ್ಟಿದ ಆನೆಸೀಲ್ ಮರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು.

ಎಷ್ಟು ಮರಿಗಳನ್ನು ಎತ್ತಿ ತರಬೇಕೆಂಬ ಪ್ರಶ್ನೆ ನೆದರ್‌ಲೆಂಡ್ಸಿನಲ್ಲಿ ತೀವ್ರ ವಿವಾದಕ್ಕೇ ಎಡೆಮಾಡಿತು. ತಾಯಿಯಗಲಿದ ಮರಿಯನ್ನು ಡಚ್ಚರು ‘ಅಳುವವ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಬೇಟೆಯಿಂದಲೂ ಕಾರ್ಖಾನೆಗಳ ವಿಷದಿಂದಲೂ 1970ರ ದಶಕದಲ್ಲಿ ಅಲ್ಲಿನ ಕಡಲಲ್ಲಿ ಸಾಮಾನ್ಯ ಸೀಲ್‌ಗಳು ಕೆಲವೇ ನೂರಕ್ಕಿಳಿದಿದ್ದವು. ಆಗ, 1971ರಲ್ಲಿ, ಲೇನಿ ಟಿ ಹಾರ್ಟ್ ಎಂಬ ಮಹಿಳೆ ಪೀಟರ್‌ಬ್ಯೂರನ್ ಹಳ್ಳಿಯಲ್ಲಿ ಮರಿಗಳ ಆರೈಕೆಗೆ ತೊಡಗಿದರು. ಒಂದೊಂದು ಮರಿಯೂ ಅಮೂಲ್ಯವಾಗಿದ್ದ ಕಾಲದಲ್ಲಿ ಅದು ಸರಿಯಾದ ಕಾರ್ಯವೇ. ಆದರೆ ಸಂತತಿ ಸಾವಿರಾರಾಗಿ ಬೆಳೆದ ಮೇಲೂ ಕಂಡ ಮರಿಗಳನ್ನೆಲ್ಲ ಎತ್ತಿ ತರುವ ರೂಢಿ ನಿಲ್ಲಲಿಲ್ಲ. ಅವುಗಳಲ್ಲಿ ಹಲವಕ್ಕೆ ನೆರವಿನ ಅಗತ್ಯವೇ ಇರಲಿಲ್ಲವೆಂದು ವಿಜ್ಞಾನಿಗಳು ವಾದಿಸಿದರು. ಕಣ್ಣೆದುರಿನ ಜೀವವನ್ನು ಹೇಗೆ ಬಿಟ್ಟುಬರುವುದೆಂದು ಆರೈಕೆಯವರು ಕೇಳಿದರು. ಎರಡು ಮಾತಿನಲ್ಲಿಯೂ ತಿರುಳಿದೆ. 2020ರಲ್ಲಿ ಉಭಯರೂ ಒಂದು ಒಡಂಬಡಿಕೆಗೆ ಬಂದರು. ಅದರಂತೆ ಒಂಟಿ ಮರಿ ಕಂಡಾಗ ತರಬೇತಾದ ಕಾವಲುಗಾರರು ದೂರದಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಅದನ್ನು ನಿರೀಕ್ಷಿಸುತ್ತಾರೆ. ತಾಯಿ ಬಾರದೆ, ಮರಿಯೂ ಕುಂದುತ್ತ ಹೋದರೆ ಮಾತ್ರ ಎತ್ತಿಕೊಳ್ಳುತ್ತಾರೆ.