ಆಪ್ಷನ್ ಪಟ್ಟಿಯಲ್ಲಿ ವಿದೇಶಿ ವಿಶ್ವವಿದ್ಯಾಲಯಕ್ಕೆ ಎಷ್ಟನೇ ಸ್ಥಾನ?

ಸಿಇಟಿ ರ‍್ಯಾಂಕ್ ಬಂದು ಕೆಇಎ ಆಪ್ಷನ್ ಎಂಟ್ರಿಗೆ ಕೂತಾಗ ನಮ್ಮ ಪೋಷಕರ ಎಚ್ಚರ ದೊಡ್ಡದು. ಆರ್‌.ವಿ. ಮೇಲಿರಲಿ, ಬಿಎಂಎಸ್ ಅದರ ಕೆಳಗೆ. ಇಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಅಲ್ಲಿ ಎಲೆಕ್ಟ್ರಾನಿಕ್ಸ್. ಹೋದ ವರ್ಷ ಸೀಟು ಎಷ್ಟನೇ ರ‍್ಯಾಂಕಿಗೆ ನಿಂತಿತ್ತು, ಹಾಸ್ಟೆಲ್ ಇದೆಯೇ, ಬಸ್ಸು ಸಿಗುತ್ತದೆಯೇ, ಎಲ್ಲವನ್ನೂ ಅಳೆದು ತೂಗುತ್ತಾರೆ. ಅದೇ ಮನೆಗೆ ಬರ್ಲಿನ್‌ನಿಂದಲೋ ಮೆಲ್ಬರ್ನ್‌ನಿಂದಲೋ ಒಂದು ಆಫರ್ ಲೆಟರ್ ಬಂತೆಂದರೆ ಆ ಅಳತೆಗೋಲು ಮೂಲೆ ಸೇರುತ್ತದೆ. ವಿದೇಶ ಎಂಬ ಒಂದೇ ಕಾರಣಕ್ಕೆ ಅದನ್ನು ಪಟ್ಟಿಯ ತಲೆಗೇರಿಸುವವರಿದ್ದಾರೆ. ‘ಅಷ್ಟು ದೂರ ಯಾಕೆ’ ಎಂದು ಪಟ್ಟಿಯಿಂದಲೇ ಹೊಡೆದುಹಾಕುವವರೂ ಇದ್ದಾರೆ.

ಆ ವಿಶ್ವವಿದ್ಯಾಲಯವನ್ನೂ ಅದೇ ಪಟ್ಟಿಯೊಳಗೆ ತನ್ನಿ. ಅದು ಒಂದನೆಯದೋ, ನಾಲ್ಕನೆಯದೋ, ಹತ್ತನೆಯದೋ ಎಂದು ಕೂತು ತೀರ್ಮಾನಿಸಿ. ಹಾಗೆ ತೀರ್ಮಾನಿಸುವಾಗ, ಓದು ಮುಗಿದ ಮೇಲೆ ಸಿಗಬಹುದು ಎನ್ನುವ ಕೆಲಸದ ವೀಸಾವನ್ನು ಲೆಕ್ಕದಿಂದ ಪೂರ್ತಿ ತೆಗೆದುಬಿಡಿ. ಅದನ್ನು ತೆಗೆದ ಮೇಲೂ ಆ ಹೆಸರು ಮೇಲೆಯೇ ನಿಂತರೆ ಧೈರ್ಯವಾಗಿ ಮೇಲಿಡಿ. ಕೆಳಗಿಳಿದರೆ ಇಳಿಯಲು ಬಿಡಿ. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಜಾಗತಿಕ ರ‍್ಯಾಂಕಿಂಗ್. ಏಜೆಂಟರ ಕಚೇರಿಯಲ್ಲಿ ಗೋಡೆ ತುಂಬ ಕಾಣುವ ಅಂಕಿ ಇದೇ. ಹೆಚ್ಚು ಮಾತಿಗೆ ಬರುವ ಕ್ಯೂಎಸ್ ಪಟ್ಟಿಯನ್ನೇ ನೋಡಿ. ಅದರಲ್ಲಿ ನೂರಕ್ಕೆ 30 ಅಂಕ ಪ್ರಾಧ್ಯಾಪಕರ ವಲಯದಲ್ಲಿರುವ ಹೆಸರಿಗೆ, 15 ಉದ್ಯೋಗದಾತರ ನಡುವಿನ ಹೆಸರಿಗೆ. ಎರಡೂ ಸಮೀಕ್ಷೆ ನಡೆಸಿ ಕೇಳಿದ ಅಭಿಪ್ರಾಯಗಳು. ಸಂಶೋಧನಾ ಪ್ರಬಂಧಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದಕ್ಕೆ 20. ಅಧ್ಯಾಪಕರಿಗೆ ತಲಾ ಎಷ್ಟು ವಿದ್ಯಾರ್ಥಿಗಳು ಎಂಬುದಕ್ಕೆ 10. ಮೊದಲ ವರ್ಷದ ಹುಡುಗನಿಗೆ ಕ್ಯಾಲ್ಕುಲಸ್ ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂದು ನೇರವಾಗಿ ಅಳೆಯುವ ಒಂದು ಅಂಕವೂ ಅದರಲ್ಲಿಲ್ಲ.

ನಮ್ಮ ಮಲ್ಲೇಶ್ವರದ ಪಕ್ಕದಲ್ಲೇ ಇದಕ್ಕೆ ಸಾಕ್ಷಿ ಇದೆ. ಕ್ಯೂಎಸ್‌ನ 2022ರ ಪಟ್ಟಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತಲಾ ಅಧ್ಯಾಪಕರ ಸಂಶೋಧನಾ ಉಲ್ಲೇಖದಲ್ಲಿ ಇಡೀ ಜಗತ್ತಿಗೇ ಮೊದಲು, ಆದರೆ ಒಟ್ಟು ಸ್ಥಾನ 186. ವಿದೇಶಿ ಅಧ್ಯಾಪಕರು ಎಷ್ಟು, ವಿದೇಶಿ ವಿದ್ಯಾರ್ಥಿಗಳು ಎಷ್ಟು ಎಂಬ ಲೆಕ್ಕದಲ್ಲಿ ನಮ್ಮ ಸಂಸ್ಥೆಗಳು ಸಹಜವಾಗಿಯೇ ಹಿಂದೆ ಬೀಳುತ್ತವೆ. ಆ ಸಂಸ್ಥೆಯನ್ನು ಬಲ್ಲವರು ಅದಕ್ಕಿಂತ ಒಳ್ಳೆಯವು 185 ಇವೆ ಎಂದು ಒಪ್ಪುವುದಿಲ್ಲ. ಇನ್ನೊಂದು ಕಡೆ, ಅಮೆರಿಕದ ವಿಲಿಯಮ್ಸ್, ಆಮ್‌ಹರ್ಸ್ಟ್‌ನಂಥ ಪದವಿ ಕಾಲೇಜುಗಳು ಪಾಠಕ್ಕೇ ಹೆಸರಾದವು. ಸಂಶೋಧನಾ ವಿಶ್ವವಿದ್ಯಾಲಯಗಳಿಗಾಗಿ ಮಾಡಿದ ಈ ಪಟ್ಟಿಯಲ್ಲಿ ಅವಕ್ಕೆ ಜಾಗವೇ ಇಲ್ಲ. ಪಿಎಚ್‌ಡಿಗೆ ಹೋಗುವವರಿಗೆ ರ‍್ಯಾಂಕಿಂಗ್ ಒಂದಿಷ್ಟು ಉಪಯೋಗ. ಪಿಯುಸಿ ಮುಗಿಸಿ ಹೊರಟ ಮಗುವಿಗೆ ಬಹಳ ಕಡಿಮೆ.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ಕೋರ್ಸನ್ನು. ಜರ್ಮನಿಯ ವಿಶ್ವವಿದ್ಯಾಲಯಗಳು ಪ್ರತಿ ಪದವಿಗೂ ಮಾಡ್ಯೂಲ್ ಹ್ಯಾಂಡ್‌ಬುಕ್ ಎಂಬ ದಪ್ಪ ಕಡತವನ್ನು ಪ್ರಕಟಿಸುತ್ತವೆ. ಒಂದು ವಿಷಯಕ್ಕೆ ಎಷ್ಟು ಕ್ರೆಡಿಟ್, ಪಾಠ ಯಾವ ಭಾಷೆಯಲ್ಲಿ, ಪರೀಕ್ಷೆ ಬರವಣಿಗೆಯೋ ಮೌಖಿಕವೋ, ಲ್ಯಾಬ್ ಇದೆಯೋ ಇಲ್ಲವೋ, ಹೊಣೆ ಯಾವ ಪ್ರಾಧ್ಯಾಪಕರದು, ಎಲ್ಲ ಅದರಲ್ಲಿರುತ್ತದೆ. ಅಲ್ಲಿನ ಒಂದು ವರ್ಷದ ಓದು 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ. ಅಂದರೆ ವರ್ಷಕ್ಕೆ 1,500 ಗಂಟೆಗೆ ಕಡಿಮೆಯಿಲ್ಲ. ಒಂದು ಭಾನುವಾರ ಅದನ್ನೂ ನಮ್ಮ ವಿಟಿಯು ಸಿಲಬಸ್ಸನ್ನೂ ಅಕ್ಕಪಕ್ಕ ಇಟ್ಟುಕೊಂಡು ಮಗಳಿಗೆ ಓದಲು ಹೇಳಿ. ಮೂರನೇ ಸೆಮಿಸ್ಟರಿನ ವಿಷಯಗಳನ್ನು ನೋಡುವಾಗ ಅವಳ ಮುಖ ಅರಳಿತೋ ಬಾಡಿತೋ ಎಂಬುದು ನಿಮಗೆ ಯಾವ ರ‍್ಯಾಂಕಿಂಗಿಗಿಂತಲೂ ಹೆಚ್ಚು ತಿಳಿಸುತ್ತದೆ.

ಜರ್ಮನಿಯ ಮಾತು ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲೋಣ. ಈಗ ಹೆಚ್ಚು ಮನೆಗಳಲ್ಲಿ ನಡೆಯುವ ಚರ್ಚೆ ಅದೇ. ‘ಅಲ್ಲಿ ಓದು ಫ್ರೀ’ ಎಂಬ ಮಾತು ಅರ್ಧ ನಿಜ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಪದವಿಗೆ 2,000ದಿಂದ 3,000 ಯೂರೊ, ಸ್ನಾತಕೋತ್ತರಕ್ಕೆ 4,000ದಿಂದ 6,000 ಯೂರೊ ವಸೂಲಿ ಶುರುಮಾಡಿತು, ಅದೂ ಪ್ರತಿ ಸೆಮಿಸ್ಟರಿಗೆ. ವೀಸಾಕ್ಕೆ ಮುಂಚೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚಿಗೆಂದು ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೊ, ಅಂದರೆ ತಿಂಗಳಿಗೆ 992. ಯೂರೊಗೆ 100 ರೂಪಾಯಿ ಎಂದು ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ, ಅದೂ ಬರೀ ಊಟ, ಬಾಡಿಗೆ, ಆರೋಗ್ಯ ವಿಮೆಗೆ.

ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ಎಷ್ಟೋ ಪೋಷಕರಿಗೆ ಯಾರೂ ಹೇಳಿರುವುದಿಲ್ಲ. ಬರೀ ಪಿಯುಸಿ ಅಂಕಪಟ್ಟಿ ಹಿಡಿದು ಹೋದರೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ಬಾಗಿಲು ಸಾಮಾನ್ಯವಾಗಿ ನೇರವಾಗಿ ತೆರೆಯುವುದಿಲ್ಲ. ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು, ಅಥವಾ ಇಲ್ಲಿಯೇ ಮಾನ್ಯತೆಯುಳ್ಳ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಅದೇ ವಿಷಯ ಓದಿ ಪಾಸಾಗಿರಬೇಕು, ಇಲ್ಲವಾದರೆ ಅಲ್ಲಿ ಸ್ಟುಡಿಯೆನ್‌ಕೊಲೆಗ್ ಎಂಬ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ಮುಗಿಸಬೇಕು. ಹೇಗೂ ಒಂದು ವರ್ಷ ಬೇಕೇ ಬೇಕು ಎಂದಾದರೆ ಲೆಕ್ಕ ತಾನೇ ತಿಳಿಯಾಗುತ್ತದೆ: ಈ ವರ್ಷ ಸಿಇಟಿ ಸೀಟು ಮೇಲೆ, ಜರ್ಮನಿ ಕೆಳಗೆ. ಇಲ್ಲಿ ಸೇರಲಿ, ಮೊದಲ ವರ್ಷ ಓದುತ್ತಾ ಜರ್ಮನ್ ಭಾಷೆ ಕಲಿಯಲಿ, ಬೇಕೆನಿಸಿದರೆ ಆಮೇಲೆ ಅರ್ಜಿ ಹಾಕಲಿ. ಬಿ.ಇ. ಪೂರ್ತಿ ಮುಗಿಸಿ ಸ್ನಾತಕೋತ್ತರಕ್ಕೆ ಹೋದರಂತೂ ಅದೇ ಜರ್ಮನಿ ಪಟ್ಟಿಯ ತುದಿಗೆ ಏರಬಹುದು.

ಇಷ್ಟು ಯಾವುದೂ ಬೇಡ, ಎರಡು ವಾರದಲ್ಲಿ ಆಫರ್ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ, ಅದು ಹೆಚ್ಚಾಗಿ ಖಾಸಗಿ ವಿಶ್ವವಿದ್ಯಾಲಯವಾಗಿರುತ್ತದೆ. ಖಾಸಗಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಸೇರಿಸಿದ ಏಜೆಂಟರಿಗೆ ಕಮಿಷನ್ ಸಿಗುವುದು ಇಂಥ ಕಡೆ. ‘ನಿಮಗೆ ಈ ಸೀಟಿನಿಂದ ಎಷ್ಟು ಬರುತ್ತದೆ’ ಎಂದು ಕೇಳಲು ಸಂಕೋಚಪಡಬೇಡಿ. ಪ್ರಾಮಾಣಿಕರು ಉತ್ತರಿಸುತ್ತಾರೆ.

ಇನ್ನು ವೀಸಾವನ್ನು ಲೆಕ್ಕದಿಂದ ತೆಗೆಯಿರಿ ಎಂದದ್ದು ಏಕೆ? ಮಗು ಸೇರುವ ದಿನದ ನಿಯಮ ಹೊರಬರುವ ದಿನ ಇರುವುದಿಲ್ಲ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ, ನಮ್ಮ ಮಕ್ಕಳು ಹೆಚ್ಚಾಗಿ ಬಳಸುತ್ತಿದ್ದ ಎಸ್‌ಡಿಎಸ್ ಎಂಬ ಶೀಘ್ರ ದಾರಿಯನ್ನು ಮುಚ್ಚಿತು. ಬ್ರಿಟನ್‌ನಲ್ಲಿ ಪದವಿಯ ನಂತರ ಉಳಿದು ದುಡಿಯಲು ಕೊಡುತ್ತಿದ್ದ 2 ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಇವೆಲ್ಲ ನಡೆದಾಗ ಸಾವಿರಾರು ಮಕ್ಕಳು ಆಗಲೇ ಅಲ್ಲಿ ಓದಿನ ನಡುವೆ ಇದ್ದರು. ನಾಲ್ಕು ವರ್ಷದ ಪದವಿಯ ನಡುವೆ ಸರ್ಕಾರವೇ ಬದಲಾಗುತ್ತದೆ. ಅದರ ನಿರ್ಧಾರ ನಿಮ್ಮ ಕೈಯಲ್ಲೂ ಇಲ್ಲ, ವಿಶ್ವವಿದ್ಯಾಲಯದ ಕೈಯಲ್ಲೂ ಇಲ್ಲ.

ಆದ್ದರಿಂದ ಸಾಲದ ಲೆಕ್ಕವನ್ನು ಹೀಗೆ ಹಾಕಿ: ಮಗ ಓದು ಮುಗಿಸಿ ಬೆಂಗಳೂರಿಗೇ ವಾಪಸು ಬಂದ, ಇಲ್ಲಿಯ ಸಂಬಳಕ್ಕೆ ಸೇರಿದ ಎಂದುಕೊಳ್ಳಿ. 40 ಲಕ್ಷ ಸಾಲ, ಶೇ 11 ಬಡ್ಡಿ, 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 55 ಸಾವಿರ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಹೊಸಬರಿಗೆ ಇಲ್ಲಿಯ ಎಷ್ಟೋ ಕಂಪನಿಗಳು ಕೊಡುವುದು ಅದರ ಅರ್ಧದ ಆಸುಪಾಸು. ಉಳಿದ ಅರ್ಧ ಯಾರ ಜೇಬಿನಿಂದ? ಡಾಲರ್ ಕೂಡ ಒಂದೇ ಕಡೆ ನಿಲ್ಲುವುದಿಲ್ಲ. 2011ರ ಮೊದಲಲ್ಲಿ 45 ರೂಪಾಯಿಯ ಸುತ್ತ ಇದ್ದದ್ದು 2025ರ ಕೊನೆಗೆ 90 ಮುಟ್ಟಿತು. ಕೊನೆಯ ವರ್ಷದ ಫೀಸನ್ನು ಇವತ್ತಿನ ದರಕ್ಕೆ ಲೆಕ್ಕ ಹಾಕಬೇಡಿ. ಇರುವ ಒಂದೇ ಮನೆಯನ್ನೋ ನಿವೃತ್ತಿಗೆಂದು ಇಟ್ಟ ಸೈಟನ್ನೋ ಅಡವಿಡದೆ ಆಗದು ಎಂದಾದರೆ, ಆ ವಿಶ್ವವಿದ್ಯಾಲಯದ ಹೆಸರು ಎಷ್ಟೇ ದೊಡ್ಡದಿರಲಿ, ಮೊದಲ ಪದವಿಗೆ ಅದು ಕೆಳಗಿನ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳು ಮಾತ್ರ ಇಲ್ಲಿಗೇ ನಿಲ್ಲದೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನು ವಿಚಾರಿಸಲೇಬೇಕು. ಅದರ ನೆರವು ಸಿಕ್ಕರೆ ಇಡೀ ಲೆಕ್ಕವೇ ಬೇರೆ.

ವೈದ್ಯಕೀಯದ ಮಾತು ಪೂರ್ತಿ ಪ್ರತ್ಯೇಕ. ಅಲ್ಲಿ ರ‍್ಯಾಂಕ್ ನೋಡುವುದೇ ಬೇಡ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲಿ ಅಲ್ಲಿಯವರಂತೆಯೇ ವೈದ್ಯರಾಗಿ ನೋಂದಾಯಿಸಿಕೊಳ್ಳುವ ಅರ್ಹತೆ, ಇಷ್ಟೂ ಇರಬೇಕು. ಒಂದು ತಪ್ಪಿದರೂ ಪಟ್ಟಿಯಿಂದ ತೆಗೆಯಿರಿ.

ವಿದೇಶವನ್ನು ಮೊದಲ ಸ್ಥಾನದಲ್ಲಿ ಇಡಬೇಕಾದ ಸಂದರ್ಭಗಳೂ ಇವೆ. ಮಗಳಿಗೆ ಬೇಕಾದ ವಿಷಯಕ್ಕೆ ನಮ್ಮಲ್ಲಿ ಒಳ್ಳೆಯ ಪದವಿ ಸಿಗುತ್ತಿಲ್ಲ, ಅಲ್ಲಿ ಸಿಗುತ್ತಿದೆ, ವಿದ್ಯಾರ್ಥಿವೇತನ ದೊಡ್ಡ ಭಾಗವನ್ನು ಹೊರುತ್ತಿದೆ, ಒಬ್ಬಳೇ ಅಡುಗೆ ಮಾಡಿಕೊಂಡು ಬ್ಯಾಂಕು, ಆಸ್ಪತ್ರೆ ನಿಭಾಯಿಸುವ ಗಟ್ಟಿತನ ಅವಳಲ್ಲಿದೆ ಎಂದಾದರೆ, ‘ಹೆಣ್ಣುಮಗು, ಅಷ್ಟು ದೂರ’ ಎಂಬ ಕಾರಣಕ್ಕೆ ಕೆಳಗಿಳಿಸಬೇಡಿ. ಅದು ಅವಳಿಗೆ ಮಾಡುವ ಅನ್ಯಾಯ. ಅಲ್ಲಿ ಈಗ ಅದೇ ಕೋರ್ಸು ಓದುತ್ತಿರುವವರ ಜೊತೆ ಮಾತಾಡಿಸಿ. ಮ್ಯೂನಿಕ್‌ನ ಸಿರಿಗನ್ನಡ ಕೂಟ, ಫ್ರಾಂಕ್‌ಫರ್ಟ್ ಕಡೆಯ ರೈನ್-ಮೈನ್ ಕನ್ನಡ ಸಂಘದಂಥ ಕಡೆ ವಿಚಾರಿಸಿದರೆ ಬಾಡಿಗೆ ಮನೆಯ ಪಾಡಿನಿಂದ ಹಿಡಿದು ಪ್ರಾಧ್ಯಾಪಕರ ಸ್ವಭಾವದವರೆಗೆ ಕನ್ನಡದಲ್ಲೇ ನಿಜ ಹೇಳುವವರು ಸಿಗುತ್ತಾರೆ.

ಕೊನೆಯದಾಗಿ ದಿನಾಂಕಗಳ ತೊಡಕು. ಅಮೆರಿಕದ ಬಹಳಷ್ಟು ಕಾಲೇಜುಗಳು ಮೇ 1ಕ್ಕೆ ಉತ್ತರ ಕೇಳುತ್ತವೆ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿಗೆ ಅರ್ಜಿಯ ಗಡುವು ಸಾಮಾನ್ಯವಾಗಿ ಜುಲೈ 15. ಕೆಇಎ ಸೀಟು ಹಂಚಿಕೆಯ ಸುತ್ತುಗಳು ಇದಕ್ಕೆ ಹೊಂದಿಕೊಳ್ಳುವುದಿಲ್ಲ. ಇಲ್ಲಿಯ ಸೀಟು ಖಚಿತವಾಗುವ ಮುಂಚೆಯೇ ಅಲ್ಲಿಗೆ ಡೆಪಾಸಿಟ್ ಕಟ್ಟಿ ಎಂಬ ಒತ್ತಡ ಬರುತ್ತದೆ. ಕಟ್ಟುವ ಮುನ್ನ, ವೀಸಾ ಸಿಗದಿದ್ದರೆ ಹಣ ವಾಪಸು ಬರುತ್ತದೆಯೇ, ಮಗು ಮನಸ್ಸು ಬದಲಿಸಿದರೆ ಬರುತ್ತದೆಯೇ ಎಂದು ಆಫರ್ ಲೆಟರಿನ ಷರತ್ತನ್ನು ಪೂರ್ತಿ ಓದಿ. ಗಡುವು ಮುಂದೂಡಿ ಎಂದು ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಮಗುವಿನ ಕೈಯಿಂದಲೇ ನೇರವಾಗಿ ಇಮೇಲ್ ಬರೆಸಿ. ಉತ್ತರ ಲಿಖಿತವಾಗಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕಳಿಸಬೇಡಿ.