ಎರಡು ಕಳೆನಾಶಕ ಬೆರೆಸುವ ಮೊದಲು: ಎಂಟನೆಯ ತರಗತಿಗೆ ಒಂದು ಪಾಠ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬೆಳೆ ಉತ್ಪಾದನೆ ಮತ್ತು ನಿರ್ವಹಣೆಯ ಪಾಠ ಮಾಡುವಾಗ ಕಳೆನಾಶಕಕ್ಕೆ ಉದಾಹರಣೆಯಾಗಿ 2,4-ಡಿ ಹೆಸರು ಬರುತ್ತದೆ. ಪಠ್ಯದಲ್ಲಿ ಅದಕ್ಕೆ ಸಿಗುವುದು ಕೆಲವೇ ಸಾಲು. ಆದರೆ ಅಭ್ಯಾಸ ಬೋಧನೆಗೆ ನನಗೆ ದೊರೆತ ತರಗತಿಯಲ್ಲಿ ಹಲವು ಮಕ್ಕಳ ಮನೆಯವರು ಬಡಾವಣೆಯ ಮನೆಗಳಲ್ಲಿ ತೋಟದ ಕೆಲಸ ಮಾಡುವವರು. ಪೂರ್ವಜ್ಞಾನ ಪರೀಕ್ಷಿಸಲು, ಹುಲ್ಲುಹಾಸಿನಲ್ಲಿ ಹಲವು ಬಗೆಯ ಕಳೆ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದೆ. “ಎರಡು ಔಷಧಿ ಬೆರೆಸಿ ಹೊಡೀತಾರೆ ಮಿಸ್, ಒಂದೇ ಸಲಕ್ಕೆ ಕೆಲಸ ಮುಗಿಯುತ್ತೆ” ಎಂಬ ಉತ್ತರ ಬಂತು. ಅಳತೆ? “ಒಂದೊಂದು ಮುಚ್ಚಳ.”

‘ಔಷಧಿ’ ಎಂಬ ಮಾತಿನಲ್ಲೇ ತೊಡಕಿದೆ. ಔಷಧಿ ಎಂದರೆ ಗುಣ ಮಾಡುವುದು. ಎರಡಾದರೆ ಇನ್ನೂ ಒಳ್ಳೆಯದು ಎಂಬ ಭಾವನೆ ತಾನಾಗಿ ಬರುತ್ತದೆ. ಆದ್ದರಿಂದ ಪಾಠದುದ್ದಕ್ಕೂ ಕಳೆನಾಶಕ ಎಂಬ ಪದವನ್ನೇ ಬಳಸಿದೆ. ಎರಡು ಅವಧಿಗಳ ಈ ಪಾಠದಲ್ಲಿ ನಿಜವಾದ ಕಳೆನಾಶಕವನ್ನು ಶಾಲೆಯೊಳಗೆ ತರಲಿಲ್ಲ, ತರಲೂಬಾರದು.

ಹಂತ 1: ಕಳೆಯ ಗುರುತು

ಶಾಲಾ ಮೈದಾನದಿಂದ ಗರಿಕೆ, ಜೇಕು, ಮುಟ್ಟಿದರೆ ಮುನಿ ಈ ಮೂರನ್ನು ಬೇರುಸಹಿತ ಕಿತ್ತು ತಂದೆವು. ಪಾರ್ಥೇನಿಯಂ ಚರ್ಮದ ಅಲರ್ಜಿ ಉಂಟುಮಾಡುವುದರಿಂದ ಅದನ್ನು ಬಿಟ್ಟೆವು. ಮಕ್ಕಳು ಜೇಕಿನ ಕಾಂಡವನ್ನು ಬೆರಳಲ್ಲಿ ಹೊರಳಿಸಿ ಅದಕ್ಕೆ ಮೂರು ಅಂಚು ಇರುವುದನ್ನು ತಾವೇ ಕಂಡುಕೊಂಡರು. ನೋಡಲು ಹುಲ್ಲಿನಂತಿದ್ದರೂ ಜೇಕು ಹುಲ್ಲಿನ ಕುಟುಂಬದ್ದಲ್ಲ, ಮಣ್ಣೊಳಗೆ ಗಡ್ಡೆಗಳಿವೆ.

ಇಲ್ಲಿಂದ ‘ಬೆರೆಸುವುದೇಕೆ?’ ಎಂಬ ಪ್ರಶ್ನೆಗೆ ಬಂದೆವು. 2,4-ಡಿ ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ, ಹೆಚ್ಚಿನ ಹುಲ್ಲುಗಳನ್ನು ಉಳಿಸುತ್ತದೆ. ಜೇಕಿನ ಗಡ್ಡೆಯನ್ನು ನಿರ್ಮೂಲ ಮಾಡುವುದಿಲ್ಲ. ಜೇಕಿಗೆ ಹ್ಯಾಲೋಸಲ್ಫ್ಯೂರಾನ್‌ನಂಥ ಬೇರೆ ಕಳೆನಾಶಕವಿದೆ. ಒಂದು ಬಿಟ್ಟಿದ್ದನ್ನು ಇನ್ನೊಂದು ಹಿಡಿಯಲಿ ಎಂಬುದೇ ಬೆರೆಸುವುದರ ಅರ್ಥ. ಒಂದೇ ಬಗೆಯ ಕಳೆಯಿದ್ದರೆ ಬೆರೆಸುವ ಅಗತ್ಯವೇ ಇಲ್ಲ. ಸೇಂಟ್ ಅಗಸ್ಟೀನ್‌ನಂಥ ಕೆಲವು ಹುಲ್ಲುಗಳಿಗೆ 2,4-ಡಿಯಿಂದಲೇ ಪೆಟ್ಟಾಗುವುದರಿಂದ ಹಾಸಿನ ಹುಲ್ಲು ಯಾವುದೆಂದು ತಿಳಿಯುವುದೂ ಅಷ್ಟೇ ಮುಖ್ಯ. “ಗ್ಲೈಫೋಸೇಟ್ ಹಾಕಿದರೆ?” ಎಂದು ಒಬ್ಬ ಹುಡುಗ ಕೇಳಿದ. ಅದು ಕಳೆ, ಹುಲ್ಲು ಎಂಬ ಭೇದ ಮಾಡುವುದಿಲ್ಲ, ಹಾಸೇ ಒಣಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿದ್ದನ್ನೂ ಹೇಳಿದೆ.

ಹಂತ 2: ಲೇಬಲ್ ಓದುವುದು

ಕಾಲ್ಪನಿಕ ಹೆಸರಿನ ಎರಡು ಲೇಬಲ್‌ಗಳನ್ನು ಚಾರ್ಟಿನಲ್ಲಿ ಬರೆದಿದ್ದೆ. ಒಂದರಲ್ಲಿ ‘2,4-ಡಿ ಅಮೈನ್ ಲವಣ’, ಇನ್ನೊಂದರಲ್ಲಿ ‘2,4-ಡಿ ಈಥೈಲ್ ಎಸ್ಟರ್’. ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ. ಇವೆರಡನ್ನೂ ಪೂರ್ಣ ಪ್ರಮಾಣದಲ್ಲಿ ಬೆರೆಸಿದರೆ ಏನಾದಂತಾಯಿತು? ಒಂದೇ ವಿಷವನ್ನು ಎರಡು ಪಟ್ಟು ಹಾಕಿದಂತಾಯಿತು. ಅಂಗಡಿಯ ಹೆಸರನ್ನು ಬಿಟ್ಟು ಸಕ್ರಿಯ ವಸ್ತುವಿನ ಹೆಸರು ಓದಬೇಕು ಎಂಬುದನ್ನು ಮಕ್ಕಳು ಇಲ್ಲಿ ಕಲಿತರು. ಎಸ್ಟರ್ ರೂಪ ಬಿಸಿಲಿನಲ್ಲಿ ಆವಿಯಾಗಿ ಪಕ್ಕದ ಮನೆಯ ಟೊಮೆಟೊ ಗಿಡವನ್ನೂ ಮುರುಟಿಸಬಲ್ಲದು ಎಂದು ಸೇರಿಸಿದೆ.

ಲೇಬಲ್ಲಿನ ವಜ್ರಾಕೃತಿಯ ಕೆಳಭಾಗದ ಬಣ್ಣವನ್ನೂ ಗುರುತಿಸಿದೆವು. ಕೆಂಪು ಅತಿ ಹೆಚ್ಚು ವಿಷಕಾರಿ. ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಅಪಾಯವಿಲ್ಲ ಎಂದಲ್ಲ, ಎಚ್ಚರಿಕೆ ಎಂದೇ ಅರ್ಥ. ಬೆರೆಸಬಾರದು ಎಂದು ಯಾವುದೇ ಒಂದು ಲೇಬಲ್ ಹೇಳಿದರೂ ಬೆರೆಸುವಂತಿಲ್ಲ.

ಹಂತ 3: ಬೀಕರಿನ ಪ್ರಯೋಗ

ನೀರಿನಲ್ಲಿ ಹರಡುವ ಪುಡಿಗೆ ಬದಲಾಗಿ ಮೈದಾ, ಎಣ್ಣೆ ರೂಪದ ದ್ರಾವಣಕ್ಕೆ ಬದಲಾಗಿ ಸೋಪು ಬೆರೆಸಿದ ಅಡುಗೆ ಎಣ್ಣೆ ತೆಗೆದುಕೊಂಡೆ. ಮೊದಲ ಬೀಕರಿನಲ್ಲಿ ಅರ್ಧ ನೀರು, ಕಲಕುತ್ತಾ ಮೈದಾ, ಕೊನೆಗೆ ಎಣ್ಣೆ: ಸಮನಾಗಿ ಹರಡಿತು. ಎರಡನೆಯದರಲ್ಲಿ ಮೈದಾವನ್ನು ಎಣ್ಣೆಗೇ ಹಾಕಿ ನಂತರ ನೀರು ಸುರಿದೆ: ಗಂಟು ಕಟ್ಟಿತು. ಸಿಂಪಡಣೆ ಯಂತ್ರದಲ್ಲೂ ನೀರು ಮೊದಲು, ನಂತರ ಪುಡಿ, ಆಮೇಲೆ ಎಣ್ಣೆ ರೂಪದ್ದು ಎಂಬುದೇ ಸಾಮಾನ್ಯ ಕ್ರಮ. ಲೇಬಲ್ ಬೇರೆ ಕ್ರಮ ಹೇಳಿದರೆ ಅದೇ ಅಂತಿಮ. ಮೂರನೆಯದರಲ್ಲಿ ಹಾಲಿಗೆ ನಿಂಬೆರಸ ಹಿಂಡಿದೆ. ಹಾಲೂ ಕೆಟ್ಟಿರಲಿಲ್ಲ, ನಿಂಬೆಯೂ ಕೆಟ್ಟಿರಲಿಲ್ಲ, ಸೇರಿದಾಗ ಒಡೆಯಿತು.

ಈ ಹಂತದಲ್ಲಿ ಶಿಕ್ಷಕರು ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ನಮೂನೆ ಮಾತ್ರ. ಮಕ್ಕಳು ಮನೆಯಲ್ಲಿ ನಿಜವಾದ ಡಬ್ಬಿ ಮುಟ್ಟಬಾರದು, ಕಳೆನಾಶಕವನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಯಾರೂ ತುಂಬಬಾರದು. ಎರಡನೆಯದು, ಬೀಕರಿನಲ್ಲಿ ಚೆನ್ನಾಗಿ ಬೆರೆತ ಮಾತ್ರಕ್ಕೆ ಹುಲ್ಲಿನ ಮೇಲೂ ಅದು ಸುರಕ್ಷಿತ ಎಂದು ಅರ್ಥವಲ್ಲ. ಲೇಬಲ್ ಅನುಮತಿಸಿದ ಮಿಶ್ರಣವನ್ನೂ ದೊಡ್ಡವರು ಮೊದಲು ಹಾಸಿನ ಒಂದು ಮೂಲೆಯಲ್ಲಿ ಸಿಂಪಡಿಸಿ, ಕೆಲವು ದಿನ ಕಾದು ನೋಡುವುದು ಒಳ್ಳೆಯದು.

ಹಂತ 4: ಲೆಕ್ಕ

ಒಂದು ಕಳೆನಾಶಕ ಶೇ. 60ರಷ್ಟು, ಇನ್ನೊಂದು ಶೇ. 50ರಷ್ಟು ಕಳೆ ಕೊಲ್ಲುತ್ತದೆ. ಎರಡೂ ಸೇರಿದರೆ? “110” ಎಂದು ಹಲವರು ಕೂಗಿದರು, ಕೂಡಲೇ ನಕ್ಕರು. 100 ಹುರುಳಿ ಕಾಳು ಹರಡಿದೆವು. 60 ತೆಗೆದಾಗ ಉಳಿದದ್ದು 40. ಅದರಲ್ಲಿ ಅರ್ಧ ತೆಗೆದಾಗ 20. ಅಂದರೆ ನಿರೀಕ್ಷೆ ಶೇ. 80. ಕಳೆವಿಜ್ಞಾನದಲ್ಲಿ 1967ರಿಂದ ಕಾಲ್ಬಿ ಸೂತ್ರ ಎಂದು ಬಳಕೆಯಲ್ಲಿರುವುದು ಇದೇ ಲೆಕ್ಕ. ಹೊಲದಲ್ಲಿ 80ಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಂದರೆ ಅವು ಒಂದಕ್ಕೊಂದು ಬಲ ಕೊಟ್ಟಿವೆ. ಕಡಿಮೆಯಾದರೆ ಒಂದನ್ನೊಂದು ತಡೆದಿವೆ. ಹುಲ್ಲುಜಾತಿಯ ಕಳೆಗೆ ಬಳಸುವ ಕ್ವಿಜಾಲೊಫಾಪ್‌ನಂಥ ಕಳೆನಾಶಕಕ್ಕೆ 2,4-ಡಿ ಬೆರೆಸಿದರೆ ಅದರ ಶಕ್ತಿ ಕುಗ್ಗುವುದು ಇದಕ್ಕೆ ಚಿರಪರಿಚಿತ ಉದಾಹರಣೆ.

ನಂತರ ‘ಮುಚ್ಚಳ’ದ ಲೆಕ್ಕ. ಕಾಲ್ಪನಿಕ ಲೇಬಲ್ಲಿನಂತೆ ಹೆಕ್ಟೇರಿಗೆ 2 ಲೀಟರ್. ಹಾಸಿನ ಅಳತೆ 5 ಮೀ. × 4 ಮೀ. ಮಕ್ಕಳು ಲೆಕ್ಕ ಮಾಡಿದಾಗ ಬಂದದ್ದು ಬರೀ 4 ಮಿ.ಲೀ. ನೀರಿನ ಬಾಟಲಿಯ ಮುಚ್ಚಳಕ್ಕೆ ನೀರು ತುಂಬಿ ಅಳತೆ ಜಾಡಿಗೆ ಸುರಿದರು; ಅದಕ್ಕಿಂತ ಹೆಚ್ಚೇ ಇತ್ತು. ಬೇರೆ ಮುಚ್ಚಳ, ಬೇರೆ ಅಳತೆ. ಇದರ ಮೇಲೆ ನಾನು ವಿವರಣೆ ಕೊಡಬೇಕಾಗಲಿಲ್ಲ.

ಮೌಲ್ಯಮಾಪನ ಮತ್ತು ಮುಂದಿನ ಚಟುವಟಿಕೆ

ಚಿತ್ರವಿರುವ ಸನ್ನಿವೇಶ ಕಾರ್ಡು ಕೊಟ್ಟು ಮೂರು ಪ್ರಶ್ನೆ ಕೇಳಿದೆ: ಯಾವ ಕಳೆಗಳಿವೆ? ಬೆರೆಸುವ ಅಗತ್ಯವಿದೆಯೇ? ಬೆರೆಸುವ ಮೊದಲು ಏನೇನು ನೋಡಬೇಕು? ಒಬ್ಬ ಹುಡುಗಿ ಎರಡನೆಯ ಪ್ರಶ್ನೆಗೆ, “ಕಳೆ ಹತ್ತೇ ಇದೆ. ಮಳೆ ಬಂದ ಮಾರನೆ ದಿನ ಕಿತ್ತರೆ ಸಾಕು” ಎಂದು ಬರೆದಿದ್ದಳು. ಆ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟೆ. ಕಳೆನಾಶಕ ಬೇಡ ಎಂದು ತೀರ್ಮಾನಿಸುವುದೂ ಈ ಪಾಠದ ಕಲಿಕಾ ಫಲವೇ.

ಮನೆಯಲ್ಲಿ ಹೇಳಿದರೆ ಅಪ್ಪ ಕೇಳುತ್ತಾರೆಯೇ ಎಂಬುದು ಮಕ್ಕಳ ಕೊನೆಯ ಪ್ರಶ್ನೆ. ದುಡಿದು ಬಂದ ತಂದೆಯನ್ನು ಮಗು ತಿದ್ದುವಂತೆ ಮಾಡುವುದು ನಮ್ಮ ಕೆಲಸವಲ್ಲ. ಆದ್ದರಿಂದ ಗೃಹಪಾಠವನ್ನು ಪ್ರಶ್ನೆಯ ರೂಪದಲ್ಲಿ ಕೊಟ್ಟೆ: “ಅಪ್ಪ, ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಏನು ಬರೆದಿದೆ, ಓದಿ ಹೇಳಿ.” ಓದಲು ಬಾರದ ಮನೆಯಲ್ಲಿ ಅಪ್ಪ ಚೀಟಿಯನ್ನಷ್ಟೇ ತೆಗೆದುಕೊಡಲಿ, ಮಗು ಓದಲಿ. ಕೈಗವಸು, ಉದ್ದ ತೋಳಿನ ಅಂಗಿ, ಗಾಳಿಯಿಲ್ಲದ ಹೊತ್ತು, ಸಿಂಪಡಿಸಿದ ಯಂತ್ರವನ್ನು ಮೂರು ಸಲ ತೊಳೆಯುವುದು ಇವನ್ನು ಆ ಚೀಟಿಯ ಜೊತೆ ಹೋಲಿಸಲು ಒಂದು ಪಟ್ಟಿ ಕೊಟ್ಟೆ.

ಈ ಘಟಕ ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಸಮಯ ಕಡಿಮೆಯಿದ್ದರೆ ಬೀಕರಿನ ಪ್ರಯೋಗ ಬಿಟ್ಟರೂ ಸರಿ, ಲೇಬಲ್ ಓದುವುದನ್ನೂ ಮುಚ್ಚಳದ ಲೆಕ್ಕವನ್ನೂ ಬಿಡಬೇಡಿ. ಮನೆಗೆ ಹೋಗಿ ಕೆಲಸಕ್ಕೆ ಬರುವುದು ಅವೆರಡೇ.