ರೂಮಿನ ಅಡುಗೆ: ಕಾಸು ಕಡಿಮೆ, ಕಸುವು ಹೆಚ್ಚು

ಹತ್ತೊಂಬತ್ತು ವರ್ಷದ ಆ ವಿದ್ಯಾರ್ಥಿನಿ ಕುಣಿಗಲ್ ಕಡೆಯವಳು. ಶ್ರೀಗಂಧದ ಕಾವಲ್‌ನಲ್ಲಿ ಗೆಳತಿಯೊಡನೆ ಒಂದು ಕೋಣೆ ಬಾಡಿಗೆಗೆ ಹಿಡಿದು ಕಾಲೇಜಿಗೆ ಹೋಗಿಬರುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠ ಕೇಳುವಾಗ ತೂಕಡಿಕೆ, ಬಾಚಿದರೆ ಕೈತುಂಬ ಕೂದಲು. ತಾಯಿ ಜೊತೆಗೆ ಬಂದಿದ್ದರು.

‘ಬೆಳಿಗ್ಗೆ ಏನಮ್ಮ ತಿಂಡಿ?’ ಎಂದೆ.

‘ಕಾಫಿ, ಬಿಸ್ಕತ್ತು ಸಾರ್.’

‘ಮಧ್ಯಾಹ್ನ?’

‘ಬೇಕರೀಲಿ ಪಪ್ಸ್. ರಾತ್ರಿ ನೂಡಲ್ಸು, ಇಲ್ಲಾಂದ್ರೆ ಅನ್ನ ಉಪ್ಪಿನಕಾಯಿ.’

ತಾಯಿ ಕಣ್ಣೊರೆಸಿಕೊಂಡರು. ‘ತಿಂಗಳಾ ತಿಂಗಳಾ ದುಡ್ಡು ಕಳಿಸ್ತೀವಿ ಸಾರ್, ಹೊಟ್ಟೆಗೆ ಕಮ್ಮಿ ಮಾಡಿಲ್ಲ’ ಎಂದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಗ್ರಾಂ ಬಂತು. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು 12ಕ್ಕಿಂತ ಕಡಿಮೆ ಇರಬಾರದು.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಜ್ಞಾನಭಾರತಿ ಆವರಣ, ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯಗಳ ಸುತ್ತಿನ ಬಡಾವಣೆಗಳಲ್ಲಿ ಇಂತಹ ರೂಮುಗಳು ಬೇಕಾದಷ್ಟಿವೆ. ಹಿಂದೆ ಓದಲು ಬಂದ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಪಾಸಾದರು. ಇಂದಿನವರಿಗೆ ಸಿಗುವುದು ಒಂದು ಒಲೆ, ಒಂದು ಕುಕ್ಕರ್, ಪರೀಕ್ಷೆಯ ಗಡಿಬಿಡಿ. ಅಷ್ಟರಲ್ಲೇ ಚೆನ್ನಾಗಿ ಉಣ್ಣಲು ಸಾಧ್ಯವೇ? ಖಂಡಿತ ಸಾಧ್ಯ. ದಾರಿ ನಮ್ಮ ಹಳೆಯ ಮೈಸೂರು ಕಡೆಯ ಅಡುಗೆಮನೆಯಲ್ಲೇ ಇದೆ.

ಅದೇ ಉಪ್ಸಾರು. ಒಮ್ಮೆ ಬೇಯಿಸಿದರೆ ಸಾರು, ಪಲ್ಯ ಎರಡೂ ಆಗುವ ಜಾಣತನದ ಅಡುಗೆ ಇದು. ಇಬ್ಬರಿಗೆ 100 ಗ್ರಾಂ ಹೆಸರುಕಾಳು ಸಾಕು. ಬೆಳಿಗ್ಗೆ ನೆನೆಹಾಕಿ ಹೋದರೆ ಸಂಜೆಗೆ ಸಿದ್ಧ. ಕಾಳನ್ನು ನಾಲ್ಕು ಲೋಟ ನೀರಿನಲ್ಲಿ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ. ಆವಿ ಇಳಿದ ಮೇಲೆ ತೊಳೆದು ಹೆಚ್ಚಿದ ಒಂದು ಕಟ್ಟು ದಂಟಿನ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಕುದಿಸಿ. ಬಸಿದ ಕಟ್ಟನ್ನು ಪಾತ್ರೆಯಲ್ಲಿಡಿ. ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು ಅರೆದರೆ ಖಾರ. ಬಿಸಿ ಕಟ್ಟಿಗೆ ಖಾರ ಕಲಸಿಕೊಂಡು ಮುದ್ದೆಯನ್ನೋ ಅನ್ನವನ್ನೋ ಉಣ್ಣಬಹುದು. ರೂಮಿನಲ್ಲಿ ಮಿಕ್ಸಿ ಇಲ್ಲದಿದ್ದರೆ ಖಾರವನ್ನು ಊರಿನಿಂದಲೇ ಒಣಪುಡಿಯಾಗಿ ತರಬಹುದು. ಅಡುಗೆ ಬಲ್ಲ ಅಜ್ಜಿಯರು ಮೂಗು ಮುರಿದಾರು, ಮುರಿಯಲಿ.

ಲೆಕ್ಕ ನೋಡಿ. ಹೋಟೆಲಿನ ಒಂದು ಊಟದ ಹಣಕ್ಕೆ ಅರ್ಧ ಕಿಲೊ ಹೆಸರುಕಾಳು ಸಿಗುತ್ತದೆ. ತಲೆಗೆ 50 ಗ್ರಾಂನಂತೆ ಅದು ಹತ್ತು ಊಟಕ್ಕಾಗುತ್ತದೆ. ಪ್ರತಿ ಊಟದಲ್ಲೂ ಸುಮಾರು 12 ಗ್ರಾಂ ಪ್ರೋಟೀನು, ಅಂದರೆ ಎರಡು ಮೊಟ್ಟೆಗಳಷ್ಟು. ಹುರುಳಿ, ಅಲಸಂದೆ, ತೊಗರಿಯನ್ನು ಬದಲಿಸುತ್ತಾ ಹೋಗಬಹುದು. ಚಳಿಗಾಲದಲ್ಲಿ ಮಾಗಡಿ ಕಡೆಯ ಅವರೆಕಾಯಿ ಬಂದಾಗ ಕಾಳು ಬಿಡಿಸುವ ಕೆಲಸವನ್ನು ಮನೆ ಓನರ್ ಅಜ್ಜಿಯೊಡನೆ ಹಂಚಿಕೊಂಡರೆ ಒಂದು ಬಟ್ಟಲು ಸಾರೂ ಬಂದೀತು.

ಮುದ್ದೆಗೆ ಹೆದರಬೇಡಿ. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಚಿಟಿಕೆ ಉಪ್ಪು, ಒಂದು ಚಮಚ ಹಿಟ್ಟು ಕದಡಿ ಕುದಿಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಮಧ್ಯೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ನಂತರ ಗಂಟಿಲ್ಲದಂತೆ ತಿರುವಿ, ಕೈ ಒದ್ದೆ ಮಾಡಿಕೊಂಡು ಕಟ್ಟಿ. ಮೊದಲ ನಾಲ್ಕು ದಿನ ಗಂಟಾಗುತ್ತದೆ. ಆದರೂ ಉಣ್ಣಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಕಾಳು, ಸೊಪ್ಪಿನಲ್ಲಿ ಕಬ್ಬಿಣವಿದ್ದರೂ ದೇಹ ಅದನ್ನು ಹೀರಿಕೊಳ್ಳುವುದು ಅಲ್ಪ. ‘ಸಿ’ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಆದ್ದರಿಂದ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ. ನೆಲ್ಲಿಕಾಯಿ, ಸೀಬೆಹಣ್ಣು ಸಿಕ್ಕಾಗ ತಿನ್ನಿ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಮಾತ್ರ ಕಬ್ಬಿಣ ಒಳಸೇರುವುದಕ್ಕೆ ಅಡ್ಡಿಯಾಗುತ್ತದೆ. ಒಂದು ಗಂಟೆಯಾದರೂ ಬಿಡುವಿರಲಿ.

ಇನ್ನೊಂದು ಎಚ್ಚರಿಕೆ, ಚಿತ್ರಾನ್ನದ್ದು. ರಾತ್ರಿಯ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವುದು ರೂಮಿನವರ ರೂಢಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷವನ್ನು ಉತ್ಪಾದಿಸಬಲ್ಲವು. ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಪರೀಕ್ಷೆಯ ದಿನ ವಾಂತಿಯಾಗುವುದಕ್ಕೆ ಹೆದರಿಕೆಯೇ ಕಾರಣವಾಗಬೇಕಿಲ್ಲ. ‘ನಮ್ಮಜ್ಜಿ ತಂಗಳು ಉಂಡು ನೂರು ವರ್ಷ ಬಾಳಿದಳು’ ಎನ್ನುವವರುಂಟು. ಅಜ್ಜಿ ಅನ್ನಕ್ಕೆ ನೀರು, ಮಜ್ಜಿಗೆ ಬೆರೆಸಿ ಹುಳಿಯಾಗಿಸುತ್ತಿದ್ದರು. ಆ ಹುಳಿ ಇಂತಹ ಜೀವಿಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಮುಚ್ಚಿದ ಕುಕ್ಕರಿನ ಬರಿ ಅನ್ನಕ್ಕೆ ಆ ರಕ್ಷಣೆಯಿಲ್ಲ. ಫ್ರಿಜ್ ಇಲ್ಲದವರು ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಹಾಕಲಿ.

ಅಡುಗೆಗೆ ಪುರುಸೊತ್ತೇ ಇಲ್ಲದ ದಿನ? ನೆನೆದ ಕಡಲೆಕಾಯಿ ಬೀಜ ಒಂದು ಹಿಡಿ, ಎರಡು ಬಾಳೆಹಣ್ಣು, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆ. ಇಂದಿರಾ ಕ್ಯಾಂಟೀನುಗಳು 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟಿದ್ದವು. ಹತ್ತಿರದಲ್ಲಿದ್ದರೆ ಅಲ್ಲಿ ಹೋಗಲು ನಾಚಿಕೆಯೇಕೆ?

ತಂದೆತಾಯಿಯರಿಗೂ ಒಂದು ಮಾತು. ಊರಿನಿಂದ ಕಳಿಸುವ ಚೀಲದಲ್ಲಿ ಚಕ್ಕುಲಿ, ಉಪ್ಪಿನಕಾಯಿಯ ಜೊತೆಗೆ ರಾಗಿ ಹಿಟ್ಟು, ಕಾಳು, ಹುರಿಗಡಲೆ ಚಟ್ನಿಪುಡಿ ಇರಲಿ. ಮಗನಿಗೂ ಅಷ್ಟೇ, ಮುದ್ದೆ ತಿರುವುವುದು ಹೆಣ್ಣುಮಕ್ಕಳ ವಿದ್ಯೆಯೇನಲ್ಲ.

ಆದರೆ ರಕ್ತಹೀನತೆ ಈಗಾಗಲೇ ಬಂದಿದ್ದರೆ ಊಟ ಮಾತ್ರದಿಂದ ಬೇಗ ಸರಿಹೋಗದು. ಮುಟ್ಟಿನಲ್ಲಿ ಹೆಚ್ಚು ಸ್ರಾವ, ಕೊಕ್ಕೆಹುಳು ಮುಂತಾದ ಕಾರಣಗಳೂ ಇರಬಹುದು. ವೈದ್ಯರಿಗೆ ತೋರಿಸಿ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ನಿಲ್ಲಿಸಬಾರದು, ಏಕೆಂದರೆ ದೇಹದ ದಾಸ್ತಾನು ತುಂಬಬೇಕು.

ಆ ಹುಡುಗಿ ಮೂರು ತಿಂಗಳ ನಂತರ ಬಂದಾಗ 11.8 ಇತ್ತು. ಮಾತ್ರೆ ಮುಂದುವರಿಸಲು ಹೇಳಿದೆ. ‘ಮುದ್ದೆ ಈಗಲೂ ಗಂಟಾಗುತ್ತೇನಮ್ಮ?’ ಎಂದು ಕೇಳಿದೆ. ‘ನನ್ನದು ಆಗಲ್ಲ ಸಾರ್, ಗೆಳತೀದು ಆಗುತ್ತೆ’ ಎಂದಳು.